ಪ್ಲಾಸ್ಮಾ ಸ್ಪೀಕರ್‌ಗೆ ಪ್ರೀಆಂಪ್ ಹೇಗೆ ಮಾಡುವುದು?

ಕೊಳಲುಪ್ರಿಯ:
ನಮಸ್ಕಾರ. ಹಳೇ ಟಿವಿಯ ಹೈವೋಲ್ಟೇಜ್ ಇಎಚ್‌ಟಿ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ಹಾಡುವ ಕಿಡಿ (ಪ್ಲಾಸ್ಮಾ ಸ್ಪೀಕರ್) ಮಾಡುತ್ತಿದ್ದೇನೆ. ಪಲ್ಸ್ ಕೊಡುವ ಟಿಎಲ್494 ಐಸಿ, ಐಆರ್‌ಎಫ್‌ಪಿ250 ಮಾಸ್‌ಫೆಟ್, 12 ವೋಲ್ಟ್ ಸಪ್ಲೈ. ಕಿಡಿ ಚೆನ್ನಾಗಿ ನಿಲ್ಲುತ್ತದೆ. ಆದರೆ ಫೋನಿನ ಸಿಗ್ನಲ್ ಆ ಐಸಿಯ ಪಿನ್ 4ಕ್ಕೆ ಕೊಟ್ಟರೆ ಹಾಡು ಮೇಜಿನ ಆಚೆ ಬದಿಗೂ ಕೇಳಿಸುವುದಿಲ್ಲ. ಎಲ್‌ಎಂ386 ಆಂಪ್ ಐಸಿಯನ್ನು ಪ್ರೀಆಂಪ್ ಆಗಿ (ಸಿಗ್ನಲ್ ದೊಡ್ಡದು ಮಾಡಲು) ಹಾಕಿದರೆ ಸಾಕಾ?

ಹಳೇಟಿವಿ_ರಿಪೇರಿ:
ಮೊದಲು ಫೋನಿನ ವೈರ್ ಕಿತ್ತುಹಾಕಿ. ಕಿಡಿ ಒಮ್ಮೆ ದಾರಿ ತಪ್ಪಿದರೆ ಸಾವಿರಾರು ವೋಲ್ಟ್ ನಿಮ್ಮ ಕೈಗೇ ಬರುತ್ತದೆ. ಸಣ್ಣ ಬ್ಲೂಟೂತ್ ರಿಸೀವರ್ ಹಾಕಿ, ಫೋನ್ ದೂರ ಇರಲಿ.

386 ಬೇಡ. ಇಲ್ಲಿ ಪವರ್ ಬೇಕಿಲ್ಲ, ವೋಲ್ಟೇಜ್ ಸಾಕು. ಟಿಎಲ್494 ಒಳಗಿನ ರ್‍ಯಾಂಪ್ (ಏರಿ ಇಳಿಯುವ ವೋಲ್ಟೇಜ್) ಸುಮಾರು 3 ವೋಲ್ಟ್. ಪಿನ್ 4 ಅನ್ನು 1.5 ವೋಲ್ಟ್‌ನಲ್ಲಿ ನಿಲ್ಲಿಸಿ, ಅದರ ಮೇಲೆ ಕೆಳಗೆ ಒಂದೊಂದು ವೋಲ್ಟ್ ಆಡಿಸಿದರೆ ಕಿಡಿ ಜೋರಾಗಿಯೇ ಹಾಡುತ್ತದೆ.

ಎನ್‌ಇ5532 ಆಪ್‌ಆಂಪ್ ಐಸಿ ತಗೊಳ್ಳಿ. ಎರಡು 10ಕೆ ರೆಸಿಸ್ಟರ್‌ನಿಂದ 6 ವೋಲ್ಟ್ ಮಾಡಿ ಪ್ಲಸ್ ಇನ್‌ಪುಟ್‌ಗೆ ಕೊಡಿ, ಅಲ್ಲಿಂದ ಗ್ರೌಂಡ್‌ಗೆ ಒಂದು 47 ಮೈಕ್ರೋಫ್ಯಾರಡ್ ಕೆಪಾಸಿಟರ್. ಆಡಿಯೋ ಮೈನಸ್ ಇನ್‌ಪುಟ್‌ಗೆ, 104 (0.1 ಮೈಕ್ರೋ) ಕೆಪಾಸಿಟರ್ ಮತ್ತು 10ಕೆ ಮೂಲಕ. ಫೀಡ್‌ಬ್ಯಾಕ್ 47ಕೆ, ಅದಕ್ಕೆ ಸಮಾನಾಂತರವಾಗಿ 220 ಪಿಎಫ್. ಗೇನ್ 4.7 ಬರುತ್ತದೆ. ಸುಮಾರು 160 ಹರ್ಟ್ಸ್‌ನಿಂದ ಕೆಳಗಿನದು, 15 ಕಿಲೋಹರ್ಟ್ಸ್‌ನಿಂದ ಮೇಲಿನದು ಇಳಿದುಹೋಗುತ್ತದೆ. ಇಷ್ಟು ಚಿಕ್ಕ ಕಿಡಿಯಿಂದ ಬೇಸ್ ಬರುವುದೇ ಇಲ್ಲ, ಸುಮ್ನೆ ಡ್ಯೂಟಿ (ಮಾಸ್‌ಫೆಟ್ ಆನ್ ಇರುವ ಸಮಯದ ಪಾಲು) ಎಳೆದಾಡಿಸುತ್ತದೆ. ಮೃದಂಗದ ಎಡಗೈ ಸದ್ದು ಬಿಟ್ಟುಬಿಡಿ. ಕೊಳಲು, ಪಿಟೀಲು ಮಾತ್ರ ಬಹಳ ಚೆಂದ ಬರುತ್ತದೆ. ಅಲುಗಾಡಬೇಕಾದ ಕಾಗದದ ಕೋನ್ ಇಲ್ಲ, ಗಾಳಿಯೇ ಬಿಸಿಯಾಗಿ ಹಿಗ್ಗಿ ಕುಗ್ಗುತ್ತದೆ ಅಲ್ವಾ!

ಔಟ್‌ಪುಟ್ 10 ಮೈಕ್ರೋ ಮೂಲಕ ಪಿನ್ 4ಕ್ಕೆ, ಕೆಪಾಸಿಟರಿನ ಪ್ಲಸ್ ಕಾಲು ಆಪ್‌ಆಂಪ್ ಕಡೆಗೆ. 1.5 ವೋಲ್ಟ್ ಪಿನ್ 14ರ 5 ವೋಲ್ಟ್‌ನಿಂದ ಪಾಟ್ (ತಿರುಗಿಸುವ ರೆಸಿಸ್ಟರ್) ಹಾಕಿ ತೆಗೆಯಿರಿ, ಪಾಟ್ ಮತ್ತು ಪಿನ್ 4ರ ನಡುವೆ 10ಕೆ ಇರಲಿ. ಪಿನ್ 4ರಿಂದ ಗ್ರೌಂಡ್‌ಗೆ 1ಎನ್5819 ಡಯೋಡ್ ಮರೆಯಬೇಡಿ, ಕ್ಯಾಥೋಡ್ ಪಿನ್ ಕಡೆಗೆ. ಸ್ವಿಚ್ ಆಫ್ ಮಾಡಿದಾಗ ಆ 10 ಮೈಕ್ರೋ ಪಿನ್ನನ್ನು ಸೊನ್ನೆಗಿಂತ ಕೆಳಗೆ ಎಳೆಯುತ್ತದೆ.

ಬೆಸುಗೆ_ಕಡ್ಡಿ:
ಒಂದು ಸೇರಿಸುತ್ತೇನೆ. ಪಿನ್ 13 ಗ್ರೌಂಡ್‌ಗೆ ಇದ್ದರೆ ಜೋರು ಹಾಡಿಗೆ ಡ್ಯೂಟಿ 90 ಪರ್ಸೆಂಟ್ ಮೇಲೆ ಹೋಗಿ ಮಾಸ್‌ಫೆಟ್ ಸುಡಬಹುದು. ಪಿನ್ 13 ಅನ್ನು 14ಕ್ಕೆ ಸೇರಿಸಿ, ಒಂದೇ ಔಟ್‌ಪುಟ್ ಬಳಸಿ. ಡ್ಯೂಟಿ 48 ಪರ್ಸೆಂಟ್ ದಾಟುವುದಿಲ್ಲ. ಫ್ರೀಕ್ವೆನ್ಸಿ ಅರ್ಧವಾಗುತ್ತದೆ. ಅದಕ್ಕೇ ಐಸಿಯ ಟೈಮಿಂಗ್ ರೆಸಿಸ್ಟರ್ ಆರ್‌ಟಿ 10ಕೆ, ಟೈಮಿಂಗ್ ಕೆಪಾಸಿಟರ್ ಸಿಟಿ 1 ನ್ಯಾನೋ ಹಾಕಿ, ಔಟ್‌ಪುಟ್‌ನಲ್ಲಿ ಸುಮಾರು 55 ಕಿಲೋಹರ್ಟ್ಸ್ ಸಿಗುತ್ತದೆ.

ಕೊಳಲುಪ್ರಿಯ:
ಪಿನ್ 13 ಗ್ರೌಂಡ್‌ಗೇ ಇದೆ, ಇವತ್ತೇ ಬದಲಿಸುತ್ತೇನೆ. ಪ್ರೀಆಂಪ್‌ಗೆ ಅದೇ 12 ವೋಲ್ಟ್ ಕೊಡಬಹುದಾ?

ಹಳೇಟಿವಿ_ರಿಪೇರಿ:
ಕೊಡಬಹುದು, 100 ಓಮ್ ದಾಟಿಸಿ, ಅಲ್ಲಿಂದ ಗ್ರೌಂಡ್‌ಗೆ 470 ಮೈಕ್ರೋ ಹಾಕಿ. ಪ್ರೀಆಂಪ್ ಲೋಹದ ಡಬ್ಬಿಯೊಳಗೆ, ಟ್ರಾನ್ಸ್‌ಫಾರ್ಮರ್‌ನಿಂದ ದೂರ. ವೈರ್ ಶೀಲ್ಡ್ ಇರುವುದೇ ಆಗಬೇಕು. ಕಿಟಕಿ ತೆಗೆದಿಡಿ, ಕಿಡಿ ಓಝೋನ್ ಬಿಡುತ್ತದೆ. ಪವರ್ ತೆಗೆದ ಮೇಲೂ ಔಟ್‌ಪುಟ್ಟನ್ನು ಉದ್ದ ಇನ್ಸುಲೇಟೆಡ್ ಹಿಡಿಯ ಲೋಹದ ಕಡ್ಡಿಯಿಂದ ಗ್ರೌಂಡ್‌ಗೆ ಮುಟ್ಟಿಸದೆ ಕೈ ಹಾಕಬೇಡಿ.