ಬಾಲ್ಯದ ಪೆಟ್ಟು ಹೊತ್ತುಕೊಂಡೇ ದೊಡ್ಡವರಾದವರಿಗೆ ಕೋಚ್ ಆಗಬೇಕಂದ್ರ ಏನ್ ಕಲೀಬೇಕು?

ಬಾದಾಮಿ_ಬಿಸಿಲು (ಬಾಗಲಕೋಟೆ):

ಎಲ್ಲರಿಗೂ ನಮಸ್ಕಾರ. ಎಂಎಸ್‌ಡಬ್ಲ್ಯೂ ಆಗಿದೆ, ಸದ್ಯ ಮಹಿಳಾ ಸಂಘಗಳ ಜೊತೆ ಕೆಲಸ. ಚಿಕ್ಕಂದಿನಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಕುಡುಕ ತಂದೆ, ಬಾಲ್ಯವಿವಾಹ ಇಂಥದ್ದನ್ನೆಲ್ಲ ದಾಟಿ ಬಂದು ಈಗ 25–45ರ ವಯಸ್ಸಿನಲ್ಲಿರುವವರಿಗೆ ಕೋಚಿಂಗ್ ಕೊಡುವ ವಿಚಾರ ಇದೆ. "ಎರಡೇ ವಾರಾಂತ್ಯದಲ್ಲಿ ಸರ್ಟಿಫೈಡ್ ಟ್ರಾಮಾ ಕೋಚ್" ಅಂತ ದಿನಾ ಜಾಹೀರಾತು ಬರುತ್ತಿವೆ. ಅವನ್ನು ನಂಬಬಹುದಾ? ಕಾನೂನಿನ ತೊಡಕು ಏನು? ಸೆಷನ್ ಒಳಗೆ ನಿಜಕ್ಕೂ ಏನು ಮಾಡಬೇಕು? ತಿಳಿದವರು ಬಿಡಿಸಿ ಹೇಳ್ರಿ.

ಕ್ಯಾಂಪ್_ಬೆಳಗಾವಿ:

ಮೊದಲು ಕಾಗದಪತ್ರದ ಮಾತು ಮುಗಿಸೋಣ. ನಮ್ಮಲ್ಲಿ "ಕೋಚ್" ಅನ್ನಿಸಿಕೊಳ್ಳಲು ಲೈಸೆನ್ಸ್ ಬೇಕಿಲ್ಲ, ನಾಳೆ ಬೆಳಿಗ್ಗೆ ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಹಾಗಾಗಿಯೇ ಆ ವಾರಾಂತ್ಯದ ಸರ್ಟಿಫಿಕೇಟಿಗೂ ಕಾನೂನಿನ ಬೆಲೆ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕಿಕೊಳ್ಳಲು ಮಾತ್ರ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕೇ ಬೇಕು. ಕೌನ್ಸೆಲರ್, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಇವರನ್ನೆಲ್ಲ 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಪಟ್ಟಿಗೆ ತಂದಿದೆ.

ಎಂಎಸ್‌ಡಬ್ಲ್ಯೂ ಇರುವುದು ನಿಮಗೆ ಅನುಕೂಲ. ಆಸ್ಪತ್ರೆಯಲ್ಲೇ ಇದ್ದು ಕಲಿಯುವ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ತರಬೇತಿಗೆ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್ ಕಡೆ ನೋಡಿ, ಸಾಧ್ಯವಾದರೆ ಇದೇ ಉತ್ತಮ. ಅದು ಆಗದಿದ್ದರೆ ಕೋಚಿಂಗ್ ದಾರಿ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ನಿನ ಮೊದಲ ಹಂತ ಎಸಿಸಿ: 60 ಗಂಟೆ ತರಬೇತಿ, 10 ಗಂಟೆ ಮೆಂಟರ್ ಕೋಚಿಂಗ್, 100 ಗಂಟೆ ಕೋಚಿಂಗ್ ಮಾಡಿದ ದಾಖಲೆ. ಆ 60 ಗಂಟೆ ಕೇಳುವ ಕಲೆ, ಪ್ರಶ್ನೆ ಹಾಕುವ ಕಲೆ ಕಲಿಸುತ್ತದೆ. ಆಘಾತದ ವಿಷಯ ಅದರಲ್ಲಿ ಬರುವುದಿಲ್ಲ, ಅದನ್ನು ಬೇರೆಯಾಗಿ ಕಲಿಯಬೇಕು. ಇನ್ನೊಂದು ಮಾತು, ದೂರಶಿಕ್ಷಣದಲ್ಲಿ ಸೈಕಾಲಜಿ ಎಂ.ಎ. ಮಾಡುವ ಆಲೋಚನೆ ಇದ್ದರೆ ಬಿಡಿ. 2025ರ ಜುಲೈ–ಆಗಸ್ಟ್ ಪ್ರವೇಶದಿಂದಲೇ ಅದನ್ನು ನಿಲ್ಲಿಸುವಂತೆ ಯುಜಿಸಿ ಹೇಳಿದೆ.

ಕಾನೂನಿನ ದೊಡ್ಡ ತೊಡಕು ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ. ಮಗುವಿನ ಮೇಲೆ ಇಂಥ ಅಪರಾಧ ನಡೆದದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು ಅನ್ನುತ್ತದೆ 19ನೇ ಕಲಂ. ತಿಳಿಸದಿದ್ದರೆ 21ನೇ ಕಲಂನಡಿ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. "ನನ್ನ ಹತ್ತಿರ ಬರುವವರು ದೊಡ್ಡವರು, ನನಗೇನು?" ಅನ್ನಬೇಡಿ. ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ಕ್ಕೆ. 2000ದಲ್ಲಿ ಹುಟ್ಟಿದವರಿಗೆ ಆಗ 12 ವರ್ಷ, ಅಂದರೆ 18 ತುಂಬುವವರೆಗಿನ ಅವರ ಮುಂದಿನ ಆರು ವರ್ಷ ಇದರೊಳಗೇ ಬರುತ್ತದೆ. ಅಪರಾಧ ಮಾಡಿದವನ ಕೈಯಳತೆಯಲ್ಲಿ ಇವತ್ತು ಬೇರೆ ಮಕ್ಕಳಿದ್ದರಂತೂ ಸುಮ್ಮನಿರುವ ಪ್ರಶ್ನೆಯೇ ಇಲ್ಲ. ಈ ಮಿತಿಯನ್ನು ಮೊದಲ ಭೇಟಿಗಿಂತ ಮೊದಲೇ ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ತೆಗೆದುಕೊಳ್ಳಿ. ಎಲ್ಲ ಹೇಳಿಸಿಕೊಂಡ ಮೇಲೆ "ಇದನ್ನು ನಾನು ತಿಳಿಸಬೇಕಾಗುತ್ತದೆ" ಅಂದರೆ ಅವರಿಗೆ ಅದು ಎರಡನೇ ಮೋಸ. ಬರೆದದ್ದನ್ನು ಬಳಸುವ ಮೊದಲು ವಕೀಲರೊಬ್ಬರಿಗೆ ಒಮ್ಮೆ ತೋರಿಸಿ.

ಕೃಷ್ಣಾತೀರ_ಜಮಖಂಡಿ:

ಮ್ಯಾಲಿನವರು ಹೇಳಿದ್ದು ಖರೆ ಐತಿ. ಸೆಷನ್ ಒಳಗಿಂದು ನಾ ಹೇಳ್ತೀನಿ.

ಹಳೇ ಗಾಯ ಬಿಚ್ಚೂದು ಕೋಚ್ ಕೆಲಸ ಅಲ್ಲರಿ. ಚಿಕಿತ್ಸೆ ಮೂರು ಹಂತದಾಗ ನಡೀತೈತಿ: ಮೊದಲು ಸುರಕ್ಷತೆ, ಆಮ್ಯಾಲ ನೆನಪಿನ ಕೆಲಸ, ಕಡೀಕ ಬದುಕಿಗೆ ವಾಪಸ್ ಬರೂದು. ನಡುವಿಂದು ಪೂರ್ತಿ ಥೆರಪಿಸ್ಟ್ ಪಾಲಿಂದು. ಇಎಂಡಿಆರ್ (ಕಣ್ಣ ಆಡಿಸಿ ನೆನಪಿನ ಮ್ಯಾಲ ಮಾಡೂ ಚಿಕಿತ್ಸೆ) ಆಗಲಿ, ಟ್ರಾಮಾ ಫೋಕಸ್ಡ್ ಸಿಬಿಟಿ (ಆಘಾತದಿಂದ ಬಂದ ವಿಚಾರ, ನಡತಿ ತಿದ್ದೂ ಚಿಕಿತ್ಸೆ) ಆಗಲಿ ನಮ್ಮ ಕೈಯಾಗಿಂದು ಅಲ್ಲ. ಕೋಚ್‌ಗೆ ಮೊದಲನೇದರಾಗ ಸ್ವಲ್ಪ, ಮೂರನೇದರಾಗ ಭಾಳ ಕೆಲಸ ಐತಿ. ನಿದ್ದಿ, ಊಟ, ರೊಕ್ಕ, ನೌಕರಿ, "ಇಲ್ಲ" ಅನ್ನಾಕ ಕಲಿಯೂದು, ಮಕ್ಕಳ ಮ್ಯಾಲ ಕೈ ಏಳದಂಗ ನೋಡಿಕೊಳ್ಳೂದು. ಇದು ಸಣ್ಣ ಕೆಲಸ ಅಂತ ತಿಳೀಬ್ಯಾಡ್ರಿ.

ಯಾರನ್ನ ತಗೋಬಾರದು ಅನ್ನೂದು ಮೊದಲು ಕಲೀರಿ. ಸಾಯೂ ವಿಚಾರ ಗಟ್ಟಿ ಇದ್ದವರು, ಇಲ್ಲದ ದನಿ ಕೇಳವರು, ಕೂತಲ್ಲೇ ಮ್ಯಾಲಿಂದ ಮ್ಯಾಲ ಅರವು ತಪ್ಪವರು, ದಿನಾ ಕುಡಿಯವರು. ಇವರು ಮೊದಲು ಡಾಕ್ಟರ ಕಡೆ ಹೋಗಬೇಕು. ದಿನಾ ಕುಡಿಯವರಿಗೆ "ಇವತ್ತಿಂದ ಬಿಡ್ರಿ" ಅಂತ ಹೇಳಬ್ಯಾಡ್ರಿ, ಒಮ್ಮೆಲೇ ಬಿಟ್ರ ಫಿಟ್ಸ್ ಬಂದು ಜೀವಕ್ಕ ಅಪಾಯ ಆಗಬಹುದು. ತಾಲ್ಲೂಕಾ ಆಸ್ಪತ್ರೆಗೆ ಮಂಗಳವಾರ ಮನೋಚೈತನ್ಯ ಕ್ಲಿನಿಕ್ಕಿಗೆ ಮನೋವೈದ್ಯರು ಬರ್ತಾರ. ಬೆಳಗಾವಿ, ಬಾಗಲಕೋಟಿ, ವಿಜಯಪುರದ ಮೆಡಿಕಲ್ ಕಾಲೇಜ್ ಆಸ್ಪತ್ರೆಯೊಳಗ ಮನೋವೈದ್ಯ ವಿಭಾಗ ಐತಿ. ಅಲ್ಲಿ ಒಬ್ಬರಿಗರೆ ನಿಮ್ಮ ಮುಖದ ಪರಿಚಯ ಇಲ್ಲಾಂದ್ರ ನಿಮ್ಮ ಚೀಟಿಗೆ ಕಿಮ್ಮತ್ತಿಲ್ಲ. ರಾತ್ರಿಗೆ ಟೆಲಿ ಮಾನಸ್ 14416, ಕನ್ನಡದಾಗ ಮಾತಾಡ್ತಾರ.

ಮೊದಲನೇ ಭೇಟಿಗೆ ಖಿನ್ನತೆ ಅಳಿಯೂ ಒಂಬತ್ತು ಪ್ರಶ್ನಿಯ ಫಾರ್ಮ್ ಪಿಎಚ್‌ಕ್ಯೂ-9 ತುಂಬಿಸ್ರಿ. 27ರಾಗ 10 ಇಲ್ಲಾ ಹೆಚ್ಚು ಬಂದ್ರ ಡಾಕ್ಟರಿಗೆ ತೋರಸ್ರಿ ಅಂತ ಹೇಳೂದು, 20 ಇಲ್ಲಾ ಹೆಚ್ಚು ಬಂದ್ರ ಅವರು ತೋರಿಸಿ ಬರೂತನಕ ಕೋಚಿಂಗ್ ಬಂದ್. ಒಂಬತ್ತನೇ ಪ್ರಶ್ನಿಗೆ ಸೊನ್ನಿ ಬಿಟ್ಟು ಏನ ಬರದ್ರೂ ಅಲ್ಲೇ ನಿಂತು ನೇರ ಕೇಳ್ರಿ: "ಸಾಯಬೇಕು ಅನಿಸ್ತೈತೇನ್ರಿ? ಹೆಂಗಂತ ವಿಚಾರ ಮಾಡೀರೇನು?" ಕೇಳಿದ್ದಕ್ಕ ಆ ವಿಚಾರ ಹುಟ್ಟೂದಿಲ್ಲ. ನಮ್ಮ ಕಡೆ ಇನ್ನೊಂದು ಕೇಳಲೇಬೇಕು: ಹೊಲಕ್ಕ ಹೊಡಿಯೋ ಎಣ್ಣಿ (ಕೀಟನಾಶಕ) ಮನಿಯಾಗ ಎಲ್ಲಿ ಇಟ್ಟೀರಿ? ಅಡಗಿಮನಿ ಮಾಡದಾಗ ಇದ್ರ ಅವತ್ತ ಸಂಜಿಕೇನ ಅದು ಬ್ಯಾರೆ ಕಡೆ, ಕೀಲಿಯೊಳಗ, ಇನ್ನೊಬ್ಬರ ಕೈಯಾಗ ಹೋಗಬೇಕು. ಆ ಘಳಿಗಿ ಭಾಳ ಹೊತ್ತು ಇರೂದಿಲ್ಲ, ಕೈಗೆ ಸಿಗದಂಗ ಮಾಡೂದ ಅರ್ಧ ಕೆಲಸ.

ಒಂದು ತಾಸಿನ ಸೆಷನ್ ಅಂದ್ರ ಮೊದಲ 10 ನಿಮಿಷ ನಿದ್ದಿ ಹೆಂಗಾತು, ತಳಮಳ 0ಯಿಂದ 10ರಾಗ ಎಷ್ಟೈತಿ ಅಂತ ಕೇಳೂದು. ಆಮ್ಯಾಲ 35 ನಿಮಿಷ ಒಂದ ವಿಷಯ, ಎರಡಲ್ಲ. ಕಡೀ 15 ನಿಮಿಷ ಹೊಸಾದು ಏನೂ ತಗೀಬಾರದು. ಜನ ಎದ್ದು ಚಪ್ಪಲಿ ಮೆಟ್ಟಿಕೊಳ್ಳೂ ಹೊತ್ತಿಗೆ ದೊಡ್ಡ ಮಾತು ಹೇಳ್ತಾರ, ಅದು ರೂಢಿ. "ಇದು ಭಾಳ ಮುಖ್ಯ, ಮುಂದಿನ ವಾರ ಇದನ್ನ ಮೊದಲು ತಗೊಳ್ಳೂಣು" ಅಂತ ಬರದಿಟ್ಟುಕೊಳ್ರಿ. ತಳಮಳದ ಅಂಕಿ ಬಂದಾಗಿಂದಕ್ಕಿಂತ ಹೆಚ್ಚಿದ್ರ ಬಸ್‌ಸ್ಟ್ಯಾಂಡಿಗೆ ಕಳಸಬ್ಯಾಡ್ರಿ, ಇಳಿಯೂತನಕ ಕುಂಡ್ರಿಸಿಕೊಳ್ರಿ.

ಎಲ್ಲಾರೂ ಎಡವೂದು ಉಸಿರಾಟದ ವ್ಯಾಯಾಮದಾಗ. "ಕಣ್ಣ ಮುಚ್ಚಿ ಉಸರ ಮ್ಯಾಲ ಲಕ್ಷ್ಯ ಕೊಡ್ರಿ" ಅಂದ ಕೂಡಲೇ ಕೆಲವರಿಗೆ ಎದಿ ಬಡಿತ ಇನ್ನೂ ಏರ್ತೈತಿ. ಕಣ್ಣ ಮುಚ್ಚಿದ್ರ ಹಳೇದೆಲ್ಲ ಮುಂದ ಬರ್ತೈತಿ, ಮೈ ಮ್ಯಾಲ ಲಕ್ಷ್ಯ ಹೋದ್ರ ಮೈಗಾದದ್ದು ನೆನಪಾಗ್ತೈತಿ. ಅದಕ್ಕ ಕಣ್ಣ ತಗದೇ ಇರಲಿ, ಪಾದ ನೆಲಕ್ಕ ಒತ್ತಿಸ್ರಿ, ಕ್ವಾಣ್ಯಾಗ ಕಾಣೂ ಐದು ವಸ್ತುವಿನ ಹೆಸರು ಹೇಳಸ್ರಿ. ಅದು ಒಗ್ಗಿದ ಮ್ಯಾಲ ಬೇಕಾದ್ರ 4 ಎಣಸೂತನಕ ಉಸರು ಒಳಗ, 6 ಎಣಸೂತನಕ ಹೊರಗ. ನೋಟ ಒಂದ ಕಡೆ ನಟ್ಟು, ಉತ್ತರ ತಡಾ ಆಗಿ, ದನಿ ಚಪ್ಪಟಿ ಆತಂದ್ರ ಮನಸ್ಸು ಅಲ್ಲಿಲ್ಲ ಅಂತ ತಿಳೀರಿ. ಮಾತು ಬಿಟ್ಟು ಹೆಸರು ಹಿಡದು ಕರೀರಿ, ಇವತ್ತು ಯಾವ ವಾರ, ಇದು ಯಾವ ಊರು ಕೇಳ್ರಿ, ತಣ್ಣೀರಿನ ಗ್ಲಾಸು ಕೈಯಾಗ ಕೊಡ್ರಿ. ಭುಜ ಮುಟ್ಟಿ ಎಬ್ಬಸಬ್ಯಾಡ್ರಿ.

ಗುಮ್ಮಟದ_ನೆರಳು (ವಿಜಯಪುರ):

ಜಮಖಂಡಿಯವರ ಒಂದು ಮಾತು ನನಗ ಪೂರಾ ಒಪ್ಪಿಗಿ ಇಲ್ಲ. ಬಂದ ಕೂಡಲೇ ಫಾರ್ಮ್ ಕೈಗೆ ಕೊಟ್ರ ನಮ್ಮ ಹಳ್ಳಿ ಹೆಣ್ಣುಮಕ್ಕಳಿಗೆ ಅದು ಸರ್ಕಾರಿ ಸರ್ವೇ ಅನಿಸ್ತದ, "ಚಲೋ ಇದೀನ್ರಿ" ಅಂತ ಸೊನ್ನಿ ತುಂಬಿ ಕೊಡ್ತಾರ. ಪ್ರಶ್ನಿ ಅವೇ ಇರಲಿ, ಮಾತಿನಾಗ ಕೇಳಿ ನೀವು ಗುರುತು ಹಾಕಿಕೊಳ್ರಿ. ಎಸಿಇ ಅಂಕಿ (ಬಾಲ್ಯದಾಗ ಎಷ್ಟು ನಮೂನಿ ಕಹಿ ಅನುಭವ ಆಗ್ಯಾವ ಅಂತ ಎಣಸೂ ಲೆಕ್ಕ) ಅಂತೂ ಒಬ್ಬರ ಹಣೇಬರಹ ಹೇಳೂದಕ್ಕ ಬಳಸೂದೇ ತಪ್ಪು. ಅದು ಅಮೆರಿಕಾದ ಸ್ಯಾನ್ ಡಿಯಾಗೋದಾಗ ಒಟ್ಟು 17,000ಕ್ಕೂ ಹೆಚ್ಚು ಮಂದಿ ಮ್ಯಾಲ ಮಾಡಿದ, ಮೊದಲ ವರದಿ 1998ರಾಗ ಬಂದ ಅಧ್ಯಯನ, ಗುಂಪಿನ ಲೆಕ್ಕ. ಹನ್ನೆರಡಕ್ಕ ಮದುವಿ ಮಾಡಿದ್ದು, ಮುತ್ತು ಕಟ್ಟಿದ್ದು ಅದರ ಹತ್ತು ಪ್ರಶ್ನಿಯೊಳಗ ಎಲ್ಲೂ ಬರೂದಿಲ್ಲ. ನಮ್ಮ ಮೂರೂ ಜಿಲ್ಲಾದಾಗ 1982ರ ದೇವದಾಸಿ ನಿಷೇಧ ಕಾಯ್ದೆ ಆದ ಮ್ಯಾಲೂ ಮುತ್ತು ಕಟ್ಟಿಸಿಕೊಂಡವರು ಇನ್ನೂ ನಡುವಯಸ್ಸಿನಾಗ ಇದ್ದಾರ. ಅವರಿಗೆ ಅಂಕಿ ಹತ್ತೂದೇ ಇಲ್ಲ.

ಇನ್ನ ಇಂಗ್ಲಿಷ್ ವಿಡಿಯೋದಾಗ "ಸಂಬಂಧ ಕಡಕೊಂಡು ಬಿಡ್ರಿ" ಅಂತ ಸಲೀಸಾಗಿ ಹೇಳ್ತಾರ. ನಮ್ಮಲ್ಲಿ ಕೈ ಮಾಡಿದ ಕಾಕಾನ ಹೆಸರೂ ಅಪ್ಪನ ಹೆಸರೂ ಒಂದೇ ಉತಾರದಾಗ (ಹೊಲದ ಪಹಣಿಯೊಳಗ) ಇರ್ತಾವ. ಕಡಕೊಂಡು ಹೋಗೂದೆಲ್ಲಿ? ಅದಕ್ಕ ಕೋಚ್‌ನ ಕೆಲಸ ಎದುರಾಗೂ ದಿನಕ್ಕ ತಯಾರಿ ಮಾಡಸೂದು. ನಾಗರ ಪಂಚಮಿ ತಗೋರಿ. ಅಣ್ಣ ಕರಿಯಾಕ ಬರ್ತಾನ, ಹೋಗಲ್ಲ ಅಂದ್ರ ಹತ್ತು ಮಂದಿ ಹತ್ತು ಮಾತಾಡ್ತಾರ, ಹೋದ್ರ ಆ ಮನುಷ್ಯ ಪಡಸಾಲ್ಯಾಗ ಕುಂತಿರ್ತಾನ. ಹದಿನೈದು ದಿನ ಮೊದಲೇ ಕುಂತು ಬರೀರಿ: ಹೋಗೂದೋ ಬ್ಯಾಡೋ (ಎರಡೂ ಸರಿ, ತೀರ್ಮಾನ ಅವರದ), ಹೋದ್ರ ಎಷ್ಟು ದಿನ, ರಾತ್ರಿ ಯಾರ ಕ್ವಾಣ್ಯಾಗ ಮಲಗೂದು, ಒಳಗಿನ ಚಿಲಕ ಅದನೋ ಇಲ್ಲೋ, ಮಗಳು ಯಾರ ಕಣ್ಣಮುಂದ ಇರ್ತಾಳ. ಉಂಡಿ ಕೊಡು ಅಂತ ಅವನ ಮುಂದ ಕಳಿಸಿದ್ರ ತಾಟು ಹಿಡಕೊಂಡು ಹೋಗೂದು ಯಾರು. ಕಾಲಿಗೆ ಬೀಳು ಅಂದ್ರ ಏನು ಹೇಳೂದು. "ನಡು ಹಿಡದೈತ್ರಿ" ಅನ್ನೂ ನೆವ ಎಷ್ಟೋ ಮಂದಿನ್ನ ಉಳಿಸ್ತದ. ಗೆಳತಿಗೆ ಒಂದು ಮಿಸ್ ಕಾಲ್ ಕೊಟ್ರ ಆಕಿ ವಾಪಸ್ ಮಾಡಿ "ಕೂಸಿಗೆ ಜ್ವರ, ಬಾ" ಅನ್ನಬೇಕು. ವಾಪಸ್ ಬಂದ ಮರುದಿನಕ್ಕ ಸೆಷನ್ ಇಟ್ಟುಕೊಳ್ರಿ, ಮೈ ಅವತ್ತು ಕುಸೀತದ.

"ಆಗಿದ್ದು ಆಗಿಹೋತು, ಹಿರೇರು, ಕ್ಷಮಿಸಿಬಿಡು" ಅನ್ನೂದನ್ನ ಅವರು ಹುಟ್ಟಿದಾಗಿಂದ ಕೇಳ್ಯಾರ. ನೀವೂ ಅಂದ್ರ ಮತ್ತ ಬರೂದಿಲ್ಲ. ತಿರುಗಿ ಬಿದ್ದು ಎಲ್ಲಾರ ಮುಂದ ಕೇಳು ಅಂತ ಹುರದುಂಬಿಸೂದೂ ಅಷ್ಟೇ ಕೆಟ್ಟದ್ದು.

ಬಾದಾಮಿ_ಬಿಸಿಲು:

ತುಂಬಾ ಉಪಯೋಗ ಆಯ್ತು. ಒಂದು ಅನುಮಾನ. ನಾವು ಕೆದಕದಿದ್ದರೂ ಅವರೇ ಪೂರ್ತಿ ಹೇಳಲು ಶುರು ಮಾಡಿದರೆ? ಬಾಯಿ ಮುಚ್ಚಿಸಿದ ಹಾಗೆ ಆಗೋಲ್ವಾ?

ಕೃಷ್ಣಾತೀರ_ಜಮಖಂಡಿ:

ಆಗ್ತೈತಿ, ಅದಕ್ಕ ತಡಿಯೂದಲ್ಲ, ನಿಧಾನ ಮಾಡಸೂದು. "ನೀವು ಹೇಳಿದ್ದು ನಂಬತೀನಿ. ಹೇಳಬೇಕಾದಷ್ಟ ಹೇಳ್ರಿ, ಎಲ್ಲಾ ಇವತ್ತ ಹೇಳಬೇಕಂತಿಲ್ಲ. ಈಗ ಮೈಯಾಗ ಹೆಂಗೈತಿ?" ಅಂತ ಎರಡು ಮಾತಿಗೊಮ್ಮೆ ಈಗಿಂದಕ್ಕ ತರ್ರಿ. ಹೇಳಿದ್ದರ ಮ್ಯಾಲ ಪ್ರಶ್ನಿ ಹಾಕಬ್ಯಾಡ್ರಿ. "ಆಗ ಅವ ಹಿಂಗ ಮಾಡಿದ್ನೇನು?" ಅಂದ್ರ ಇಲ್ಲದ ವಿವರ ನೆನಪಿನಾಗ ಸೇರ್ತೈತಿ, ನಾಳೆ ಕೇಸ್ ಆದ್ರ ಎದುರಿನ ವಕೀಲ ಅದನ್ನ ಹಿಡೀತಾನ. ಹಿಪ್ನಾಸಿಸ್, ಕಣ್ಣ ಮುಚ್ಚಿಸಿ ಸಣ್ಣ ವಯಸ್ಸಿಗೆ ಕರಕೊಂಡು ಹೋಗೂದು ಕೋಚ್ ಮಾಡಬಾರದು. ಎರಡು ದಿನದ ಶಿಬಿರದಾಗ ಐವತ್ತು ಮಂದಿನ್ನ ಅಳಸಿ ಮನಿಗೆ ಕಳಸವರದಾರ, ಮೂರನೇ ದಿನ ಅವರನ್ನ ಯಾರ್ ನೋಡ್ತಾರ?

ಕ್ಯಾಂಪ್_ಬೆಳಗಾವಿ:

ವ್ಯವಹಾರದ ಮಾತು ಉಳಿದಿತ್ತು. 20 ಸೆಷನ್ನಿನ ಪ್ಯಾಕೇಜ್ ಮಾಡಿ ಮುಂಗಡ ಹಣ ತೆಗೆದುಕೊಳ್ಳಬೇಡಿ. ಹಣ ಕೊಟ್ಟಾಗಿದೆ ಅಂತ ಬೇಡವಾದರೂ ಬರುತ್ತಾರೆ, "ಇಲ್ಲ" ಅನ್ನಲು ಕಲಿಸಬೇಕಾದ ಜಾಗದಲ್ಲೇ ಅದು ಹೊರಟುಹೋಗುತ್ತದೆ. 6 ಸೆಷನ್ನಿಗೆ ಒಪ್ಪಂದ, ಆಮೇಲೆ ಇಬ್ಬರೂ ಕೂತು ವಿಮರ್ಶೆ. ತಿಂಗಳಿಗೆ ಎರಡು ಸಲವಾದರೂ ನುರಿತವರೊಬ್ಬರ ಮುಂದೆ ನಿಮ್ಮ ಕೆಲಸ ಪರಿಶೀಲಿಸಿಕೊಳ್ಳುವ ಸೂಪರ್‌ವಿಷನ್ ಇರಲಿ, ಅದರ ಫೀ ನಿಮ್ಮ ಖರ್ಚಿನಲ್ಲಿ ಮೊದಲೇ ಸೇರಿಸಿ.

ಸಣ್ಣ ಊರಿನಲ್ಲಿ ಗುಟ್ಟು ಕಾಪಾಡುವುದು ಬೋರ್ಡಿನಿಂದಲೇ ಶುರು. "ಟ್ರಾಮಾ", "ಮಾನಸಿಕ" ಅಂತ ಬರೆದರೆ ಮೆಟ್ಟಿಲು ಹತ್ತುವವರನ್ನು ಎದುರಿನ ಕಿರಾಣಿ ಅಂಗಡಿಯವರು ಎಣಿಸುತ್ತಾರೆ. ಎರಡು ಸೆಷನ್ ನಡುವೆ ಅರ್ಧ ತಾಸು ಬಿಡಿ, ಬರುವವರು ಹೋಗುವವರು ಎದುರುಬದುರು ಆಗಬಾರದು. ಬಾಗಿಲು ಕಾಣುವ ಕಡೆಯ ಕುರ್ಚಿ ಅವರದು, ಒಳಗಿನಿಂದ ಚಿಲಕ ಹಾಕಬೇಡಿ, ಊದಿನಕಡ್ಡಿ ಹಚ್ಚಬೇಡಿ (ವಾಸನೆಯಷ್ಟು ಬೇಗ ಹಳೆಯದನ್ನು ಎಳೆದು ತರುವುದು ಇನ್ನೊಂದಿಲ್ಲ). ಫೋನ್ ಮನೆಯವರೆಲ್ಲ ಹಂಚಿಕೊಳ್ಳುವುದಾದರೆ ಬೇರೆಯವರು ಎತ್ತಿದಾಗ ನೀವು ಯಾರು ಅಂತ ಹೇಳಬೇಕು ಅನ್ನುವುದನ್ನು ಮೊದಲ ದಿನವೇ ಕೇಳಿ ಬರೆದುಕೊಳ್ಳಿ. ಸಂತೆಯಲ್ಲಿ ಸಿಕ್ಕರೆ ಅವರು ಮಾತಾಡಿಸಿದರೆ ಮಾತ್ರ ನೀವು ಮಾತಾಡಿಸುವುದು. ಇದನ್ನೂ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮುಖ ತಿರುಗಿಸಿಕೊಂಡು ಹೋದರು ಅಂತ ತಿಳಿದುಕೊಳ್ಳುತ್ತಾರೆ.