ಸಿಮ್ಸ್ 4: ಮೊಮ್ಮಕ್ಕಳು ಕಾಲೇಜಿಗೆ ಹೊರಟಿದ್ದಾರೆ, ಡಾರ್ಮ್‌ಗೆ ಹಾಕಲಾ, ಮನೆ ಮಾಡಲಾ?

ತುಂಗೆತೀರ

ಎಲ್ಲರಿಗೂ ನಮಸ್ಕಾರ. ಸೇಲ್‌ನಲ್ಲಿ ಸಿಕ್ಕಿತು ಅಂತ, ಮನೆ ಸಂಸಾರ ನಡೆಸೋ ಸಿಮ್ಸ್ 4 ಕಂಪ್ಯೂಟರ್ ಆಟಕ್ಕೆ ಕಾಲೇಜು ಸೇರಿಸೋ ಡಿಸ್ಕವರ್ ಯೂನಿವರ್ಸಿಟಿ ಪ್ಯಾಕ್ ತಗೊಂಡೆ. 2019ರ ಪ್ಯಾಕ್ ಇದು, ನನಗೆ ಈಗ ಸಿಕ್ಕಿದೆ, ನಗಬೇಡಿ. ಈಗ ಮೂರು ದಿನದಿಂದ ಒಂದೇ ಪರದೆ ಮುಂದೆ ಕೂತಿದ್ದೇನೆ. ಎಲ್ಲಿ ಇರುತ್ತೀರಿ ಅಂತ ಆಟ ಕೇಳುತ್ತಿದೆ, ನನಗೆ ಉತ್ತರ ಗೊತ್ತಿಲ್ಲ.

ನನ್ನ ಆಟದ ಮನೆಯ ಕಥೆ ಹೇಳಿಬಿಡುತ್ತೇನೆ. ಗಿರಿಜಮ್ಮ ಅಂತ ಒಬ್ಬರು ಅಜ್ಜಿ, ಅವರ ಇಬ್ಬರು ಮೊಮ್ಮಕ್ಕಳು ಚಿನ್ಮಯ್ ಮತ್ತು ಇಂಚರ, ಜೊತೆಗೆ ಬೆಣ್ಣೆ ಅನ್ನೋ ಬೆಕ್ಕು. ಚಿನ್ಮಯ್‌ಗೆ ಕಂಪ್ಯೂಟರ್ ಸೈನ್ಸ್, ಅದಕ್ಕೆ ಫಾಕ್ಸ್‌ಬರಿ ಕಾಲೇಜು ಒಳ್ಳೆಯದು ಅಂತ ಓದಿದೆ. ಇಂಚರಳಿಗೆ ಫೈನ್ ಆರ್ಟ್, ಅವಳನ್ನು ಬ್ರೈಟ್‌ಚೆಸ್ಟರ್ ಯೂನಿವರ್ಸಿಟಿಗೆ ಸೇರಿಸಬೇಕು. ಅಣ್ಣ ತಂಗಿ ಒಂದೊಂದು ಕಾಲೇಜಿಗೆ ಹೋದರೆ ಒಂದೇ ಡಾರ್ಮ್‌ನಲ್ಲಿ, ಅಂದರೆ ಹಾಸ್ಟೆಲ್‌ನಲ್ಲಿ, ಹೇಗೆ ಇರೋದು? ಅಥವಾ ಈಗಿರುವ ಮನೆಯಿಂದಲೇ ಓಡಾಡಲಿ ಅಂದರೆ ಅದು ವಿಲೋ ಕ್ರೀಕ್ ಅನ್ನೋ ಬೇರೆ ಊರಲ್ಲಿದೆ, ದಿನಾ ಅಷ್ಟು ದೂರ ಹೋಗಿ ಬಂದರೆ ಓದೋಕೆ ಟೈಮ್ ಎಲ್ಲಿರುತ್ತೆ? ಇನ್ನೊಂದು ವಿಷಯ, ಮದರ್‌ಲೋಡ್ (ಆಟದಲ್ಲಿ ದುಡ್ಡು ತರಿಸೋ ಚೀಟ್ ಕೋಡ್) ಹೊಡೆಯಲ್ಲ ಅಂತ ಈ ಸಲ ಶಪಥ ಮಾಡಿದ್ದೇನೆ. ದುಡ್ಡು ಕಮ್ಮಿ ಇದೆ.

ನಿದ್ದೆಗೇಡಿ

ಮದರ್‌ಲೋಡ್ ಹೊಡೀರಿ. 50,000 ಬರುತ್ತೆ. ಮುಗೀತು.

ಹಳೇ ಪಿಸಿ

ಮೇಲಿನವರ ಮಾತು ಬಿಡಿ, ಶಪಥ ಮುರಿಯಬೇಡಿ.

ಮೊದಲು ದೂರದ ಚಿಂತೆ ತಲೆಯಿಂದ ತೆಗೆದುಹಾಕಿ. ನಾವೆಲ್ಲ ಬೆಂಗಳೂರಲ್ಲಿ ಎರಡು ಬಸ್ ಬದಲಾಯಿಸಿ ಕಾಲೇಜಿಗೆ ಹೋದವರು, ಹಾಗಾಗಿ ಮನೆ ಅಂದ ತಕ್ಷಣ ದೂರವೇ ನೆನಪಾಗುತ್ತೆ. ಆದರೆ ಈ ಆಟದಲ್ಲಿ ತರಗತಿ ನಡೆಯೋದು ನಮ್ಮ ಕಣ್ಣಿಗೆ ಕಾಣಲ್ಲ. ಹೊತ್ತಾದಾಗ ಸಿಮ್, ಅಂದರೆ ನಮ್ಮ ಆಟದ ಪಾತ್ರ, ಮನೆಯಿಂದ ಮಾಯವಾಗುತ್ತೆ, ಮುಗಿದಾಗ ವಾಪಸ್ ಬರುತ್ತೆ, ಕೆಲಸಕ್ಕೆ ಹೋಗುವವರು ಹೋಗಿ ಬರೋ ಹಾಗೆ. ವಿಲೋ ಕ್ರೀಕ್‌ನಲ್ಲಿದ್ದರೂ ಅಷ್ಟೇ, ಕ್ಯಾಂಪಸ್ ಪಕ್ಕದಲ್ಲಿದ್ದರೂ ಅಷ್ಟೇ. ಕ್ಯಾಂಪಸ್‌ನಲ್ಲಿ ಇದ್ದರೆ ಸಿಗೋ ಲಾಭ ಬೇರೆ: ಬಾಗಿಲು ತೆಗೆದರೆ ಹುಡುಗರು ಹುಡುಗಿಯರು ಓಡಾಡುತ್ತಿರುತ್ತಾರೆ, ಸೈಕಲ್ ಹೊಡೆಯಬಹುದು. ಅದು ನೋಡೋಕೆ ಚೆಂದ, ಮಾರ್ಕ್ಸ್‌ಗೆ ಅದರಿಂದ ಏನೂ ಆಗಲ್ಲ.

ಟೈಮ್ ಲೆಕ್ಕ ಹಾಕಿ ನೋಡಿ. ಆಟದ ಒಂದು ನಿಮಿಷ ನಮ್ಮ ಒಂದು ಸೆಕೆಂಡು, ಅಂದರೆ ಅವರ ಒಂದು ದಿನ ನಮಗೆ 24 ನಿಮಿಷ. ಪದವಿಗೆ 12 ಕ್ರೆಡಿಟ್ ಬೇಕು, ಒಂದು ಟರ್ಮ್‌ಗೆ ನಾಲ್ಕು ಕೋರ್ಸ್ ತಗೊಂಡರೆ ಮೂರು ಟರ್ಮ್‌ನಲ್ಲಿ ಮುಗಿಯುತ್ತೆ. ನಾಲ್ಕು ತಗೊಳ್ಳೋದು ಅಂದರೆ ಹೋಮ್‌ವರ್ಕ್, ಟರ್ಮ್ ಪೇಪರ್, ಪ್ರೆಸೆಂಟೇಶನ್, ಪರೀಕ್ಷೆ ಎಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತೆ. ಆಗ ಟೈಮ್ ತಿನ್ನೋದು ದಾರಿಯಲ್ಲ, ಬಚ್ಚಲುಮನೆ. ಡಾರ್ಮ್‌ನಲ್ಲಿ ಬೆಳಿಗ್ಗೆ ಬಚ್ಚಲಿಗೆ ಹೋದರೆ ಒಳಗೆ ಒಬ್ಬ ಇರುತ್ತಾನೆ, ಕಂಪ್ಯೂಟರ್ ಮುಂದೆ ಇನ್ನೊಬ್ಬ ಕೂತಿರುತ್ತಾನೆ, ಎಲ್ಲಿ ನೋಡಿದರೂ ತೊಳೆಯದ ತಟ್ಟೆ. ಎದ್ದು ಬರೆಯೋಕೆ ಕೂತರೆ ಪಕ್ಕದ ರೂಮಿನವನು ಬಂದು ಹರಟೆ ಶುರು ಮಾಡುತ್ತಾನೆ, ನಿಮ್ಮ ಸಿಮ್ ಕೂಡ ಪೆನ್ನು ಕೆಳಗಿಟ್ಟು ನಗುತ್ತಾ ನಿಲ್ಲುತ್ತೆ, ಅದನ್ನು ನೋಡುತ್ತಾ ಇದ್ದರೆ ಸ್ವಂತ ಮಕ್ಕಳನ್ನು ಬೈದ ಹಾಗೆ ಪರದೆಗೆ ಬೈಯಬೇಕು ಅನ್ನಿಸುತ್ತೆ.

ಆದ್ದರಿಂದ ಡಾರ್ಮ್ ಅಂತಾದರೆ ಎರಡು ಕೆಲಸ ಮಾಡಿ. ರೂಮಿನ ಬಾಗಿಲು ಬೇರೆಯವರಿಗೆ ತೆರೆಯದ ಹಾಗೆ ಬೀಗ ಹಾಕಿ. ಒಬ್ಬೊಬ್ಬರಿಗೂ ಒಂದೊಂದು ಲ್ಯಾಪ್‌ಟಾಪ್ ಕೊಡಿಸಿ, ಜೊತೆಗೇ ಇಟ್ಟುಕೊಂಡು ತಿರುಗಬಹುದು.

ಅಡ್ಡಾದಿಡ್ಡಿ ಅಕ್ಕ

ಯಾರೂ ಬೆಕ್ಕಿನ ವಿಷಯ ಹೇಳಲೇ ಇಲ್ಲ! ಡಾರ್ಮ್‌ಗೆ ಬೆಣ್ಣೆಯನ್ನು ಕರೆದುಕೊಂಡು ಹೋಗೋ ಹಾಗಿಲ್ಲ. ಸಾಕುಪ್ರಾಣಿ, ಚಿಕ್ಕ ಮಕ್ಕಳು ಯಾರಿಗೂ ಅಲ್ಲಿ ಜಾಗ ಇಲ್ಲ.

ಅದಕ್ಕಿಂತ ದೊಡ್ಡ ವಿಷಯ ಅಜ್ಜಿ. ಮೊಮ್ಮಕ್ಕಳು ಡಾರ್ಮ್‌ಗೆ ಹೋದರೆ ಮನೆ ಎರಡಾಗುತ್ತೆ. ನೀವು ಆಡೋದು ಕಾಲೇಜಿನ ಕಡೆ, ಅಜ್ಜಿ ಆ ಕಡೆ ಒಬ್ಬರೇ. ಸೆಟ್ಟಿಂಗ್‌ನಲ್ಲಿ ವಯಸ್ಸಾಗೋದು ಅಂತ ಒಂದು ಆಯ್ಕೆ ಇದೆ, ನೀವು ಈಗ ಆಡುತ್ತಿರೋ ಮನೆಗೆ ಮಾತ್ರವಾ, ಉಳಿದವರಿಗೂನಾ ಅಂತ ಕೇಳುತ್ತೆ. ಅದನ್ನು ನೋಡದೆ ಹೋದರೆ ಇಬ್ಬರೂ ಪದವಿ ಹಿಡಿದುಕೊಂಡು ಬರೋ ಹೊತ್ತಿಗೆ ಮನೆಯಲ್ಲಿ ಅಜ್ಜಿ ಇರಲ್ಲ. ನನಗೆ ಆಗಿದೆ. ಅಜ್ಜಿ ಅಲ್ಲ, ಅಪ್ಪ. ಪದವಿಯ ಗೌನ್‌ನಲ್ಲೇ ಇದ್ದ ಮಗನಿಗೆ ಸುದ್ದಿ ಬಂತು. ಆಟ ಅಂತ ಗೊತ್ತು, ಆದರೂ ಆ ದಿನ ಕಂಪ್ಯೂಟರ್ ಆಫ್ ಮಾಡಿ ಅಪ್ಪನಿಗೆ ಫೋನ್ ಮಾಡಿದೆ. ಏನಾಯ್ತು ಈ ಹೊತ್ತಲ್ಲಿ ಅಂತ ಗಾಬರಿಯಾದರು ಪಾಪ.

ಹಳೇ ಪಿಸಿ

ಅಕ್ಕ ಹೇಳಿದ್ದು ನಿಜ. ಇದೇ ಕಾರಣಕ್ಕೆ ನನಗೆ ಈಗಲೂ ಸಿಮ್ಸ್ 2ರ ಯೂನಿವರ್ಸಿಟಿ ಇಷ್ಟ. 2005ರದ್ದು. ನಮ್ಮ ಬೀದಿಯ ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು ಆಡಿದವನು ನಾನು, ಸೇವ್ ಮಾಡಿದ್ದು ಮರುದಿನ ಇರುತ್ತಿತ್ತಾ ಇಲ್ಲವಾ ಅನ್ನೋದು ದೇವರ ಇಚ್ಛೆ. ಅದರಲ್ಲಿ ಮಕ್ಕಳು ಕಾಲೇಜಿಗೆ ಹೋದರೆ ಊರಲ್ಲಿ ಕಾಲ ನಿಂತಿರುತ್ತಿತ್ತು. ನಾಲ್ಕು ವರ್ಷ, ಎಂಟು ಸೆಮಿಸ್ಟರ್, ಒಂದೊಂದು 72 ಗಂಟೆ, ಅಷ್ಟೆಲ್ಲ ಮುಗಿಸಿ ಬಂದರೂ ಅಪ್ಪ ಅಮ್ಮ ಬಿಟ್ಟುಹೋದ ಹಾಗೇ ಇರುತ್ತಿದ್ದರು. ಡಾರ್ಮ್‌ನಲ್ಲಿ ಅಡುಗೆಯವರು ಬೇರೆ ಇದ್ದರು, ಹೊತ್ತು ಹೊತ್ತಿಗೆ ಬಡಿಸಿಡುತ್ತಿದ್ದರು, ಹಾಗಾಗಿ ದುಡ್ಡಿಲ್ಲದವರಿಗೆ ಡಾರ್ಮ್ ಬಿಟ್ಟು ಬೇರೆ ಯೋಚನೆಯೇ ಬೇಡ. ಸಿಮ್ಸ್ 4ರಲ್ಲಿ ಆ ಭಾಗ್ಯ ಇಲ್ಲ.

ನಿದ್ದೆಗೇಡಿ

ಹಳೇ ಕಾಲವೇ ಚೆನ್ನಾಗಿತ್ತು ಅನ್ನೋರು ಬಂದರು 😂

ಸರಿ, ನಾನೂ ಒಂದು ಉಪಯೋಗದ ಮಾತು ಹೇಳ್ತೀನಿ. ಅಜ್ಜಿಯನ್ನೂ ಕಾಲೇಜಿಗೆ ಸೇರಿಸಿ. ತಮಾಷೆ ಅಲ್ಲ. ಈ ಪ್ಯಾಕ್‌ನಲ್ಲಿ ವಯಸ್ಸಾದವರೂ ಅರ್ಜಿ ಹಾಕಬಹುದು. ನಾನು ಒಬ್ಬ ತಾತನಿಗೆ ವಿಲನಿ ಓದಿಸಿದೆ. ಹೌದು, ಖಳನಾಯಕರಾಗೋಕೆ ಅಂತಲೇ ಪದವಿ ಇದೆ.

ತುಂಗೆತೀರ

ಅಯ್ಯೋ ಇದು ಗೊತ್ತೇ ಇರಲಿಲ್ಲ! ಗಿರಿಜಮ್ಮನಿಗೆ ಅಡುಗೆ ಪದವಿ ಕೊಡಿಸಿದರೆ ಹೇಗೆ? ಈಗಲೇ ಅವರ ಅಡುಗೆ ಕೌಶಲ 9ರಲ್ಲಿದೆ. ಆದರೆ ಮೂವರ ಫೀಸ್ ಎಲ್ಲಿಂದ ತರಲಿ? ಮತ್ತೆ ಬೆಣ್ಣೆ?

ಅಡ್ಡಾದಿಡ್ಡಿ ಅಕ್ಕ

ಫೀಸ್‌ಗೆ ಮೊದಲು ಸ್ಕಾಲರ್‌ಶಿಪ್‌ಗಳಿಗೆ ಅರ್ಜಿ ಹಾಕಿ. ಕೌಶಲ ಮೇಲಿದ್ದರೆ ಸಿಗುತ್ತೆ, ಗಿರಿಜಮ್ಮನಿಗೇ ಮೊದಲು ಸಿಕ್ಕರೂ ಆಶ್ಚರ್ಯ ಇಲ್ಲ. ಸಾಲದಿದ್ದರೆ ಸ್ಟೂಡೆಂಟ್ ಲೋನ್ ಇದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ, ತೀರಿಸುವಾಗ ಗೊತ್ತಾಗುತ್ತೆ.

ಇನ್ನು ಜಾಗ. ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಈಗಿನ ಮನೆಯನ್ನು ಆಟದ ಲೈಬ್ರರಿಯಲ್ಲಿ ಸೇವ್ ಮಾಡಿಟ್ಟುಕೊಳ್ಳಿ, ಇದನ್ನು ಮರೆಯಬೇಡಿ, ಮುಂದೆ ದುಡ್ಡು ಬಂದಾಗ ಅದೇ ಮನೆಯನ್ನು ಯಾವ ಸೈಟ್‌ನಲ್ಲಿ ಬೇಕಾದರೂ ತಂದು ಇಡಬಹುದು. ಆಮೇಲೆ ಅದನ್ನು ಮಾರಿ, ಎರಡೂ ಕಾಲೇಜು ಇರೋ ಬ್ರೈಟ್‌ಚೆಸ್ಟರ್ ಊರಲ್ಲೇ ಒಂದು ಸಾಧಾರಣ ಮನೆ ತಗೊಳ್ಳಿ. ಬೆಕ್ಕು ಸಮೇತ ಎಲ್ಲರೂ ಅಲ್ಲಿಗೆ ಬನ್ನಿ. ಅಲ್ಲಿಂದ ಮೂವರನ್ನೂ ಕಾಲೇಜಿಗೆ ಸೇರಿಸುವಾಗ ಎಲ್ಲಿ ಇರುತ್ತೀರಿ ಅಂದರೆ ಇರೋ ಮನೆಯಲ್ಲೇ ಅಂತ ಒತ್ತಿ. ಆಗ ಅಣ್ಣ ಫಾಕ್ಸ್‌ಬರಿ, ತಂಗಿ ಬ್ರೈಟ್‌ಚೆಸ್ಟರ್ ಆದರೂ ತೊಂದರೆ ಇಲ್ಲ, ಸಂಜೆ ಎಲ್ಲರೂ ಒಂದೇ ಅಡುಗೆಮನೆಗೆ ಬರುತ್ತಾರೆ.

ದುಡ್ಡಿಗೆ ಒಂದು ದಾರಿ ಇದೆ, ರೂಮ್‌ಮೇಟ್. ಈ ಪ್ಯಾಕ್‌ನ ಜೊತೆಗೇ ಬಂದಿದ್ದು. ಖಾಲಿ ಹಾಸಿಗೆ ಇದ್ದರೆ ಜಾಹೀರಾತು ಹಾಕಿ, ಬಂದವರನ್ನು ಮಾತಾಡಿಸಿ ನೋಡಿ, ಒಪ್ಪಿಗೆಯಾದರೆ ಇಟ್ಟುಕೊಳ್ಳಿ. ಬಾಡಿಗೆ ಕೊಡುತ್ತಾರೆ. ಒಬ್ಬೊಬ್ಬರದ್ದು ಒಂದೊಂದು ಗುಣ. ಒಬ್ಬ ಕೆಟ್ಟುಹೋದ ನಲ್ಲಿ ತಾನೇ ರಿಪೇರಿ ಮಾಡುತ್ತಾನೆ, ಇನ್ನೊಬ್ಬ ಸರಿಯಾಗಿರೋದನ್ನೇ ಕೆಡಿಸುತ್ತಾನೆ. ನಾನು ಪಿಜಿಯಲ್ಲಿದ್ದಾಗ ಈ ಎರಡನೇ ಜಾತಿಯವರ ಜೊತೆ ಎರಡು ವರ್ಷ ಕಳೆದಿದ್ದೇನೆ, ಆದ್ದರಿಂದ ಅನುಭವದಿಂದ ಹೇಳುತ್ತಿದ್ದೇನೆ, ಒಬ್ಬರನ್ನೇ ಇಟ್ಟುಕೊಳ್ಳಿ. ಬಚ್ಚಲು ಎರಡು ಕಟ್ಟಿಸಿ.

ಮಳೆಗಾಲ

ಎಲ್ಲರೂ ಮನೆ ಮನೆ ಅನ್ನುತ್ತಿದ್ದಾರೆ, ನಾನು ಒಂದು ಮಾತು ಎದುರು ಹೇಳುತ್ತೇನೆ. ಮಾರ್ಕ್ಸ್, ಬಾಡಿಗೆ, ಬಚ್ಚಲು ಎಲ್ಲ ಲೆಕ್ಕ ಹಾಕಿದರೆ ಮನೆಯೇ ಸರಿ. ಆದರೆ ಇಂಚರ ಯಾವತ್ತಾದರೂ ಅಜ್ಜಿ ಮನೆ ಬಿಟ್ಟು ಒಂದು ರಾತ್ರಿ ಹೊರಗಿದ್ದಾಳಾ? ಹುಟ್ಟಿದಾಗಿಂದ ಒಂದೇ ಮನೆ, ಈಗ ಕಾಲೇಜಿಗೂ ಇಡೀ ಮನೆಯೇ ಅವಳ ಹಿಂದೆ ಬಂದರೆ ಅವಳ ಕಥೆ ಏನಾಯಿತು? ನಾನು ಹಾಸನದ ಹತ್ತಿರದ ಊರಿನವಳು, ಮೈಸೂರಿನ ಹಾಸ್ಟೆಲ್‌ಗೆ ಹೋದ ಮೊದಲ ವಾರ ಅತ್ತಿದ್ದು ನೆನಪಿದೆ, ಎರಡನೇ ತಿಂಗಳಿಂದ ರಜೆಗೆ ಊರಿಗೆ ಹೋಗೋಕೂ ಬೇಜಾರು. ಡಾರ್ಮ್‌ನ ಗಲಾಟೆ ಮಾರ್ಕ್ಸ್ ಹಾಳು ಮಾಡುತ್ತೆ, ನಿಜ. ಆದರೆ ನನ್ನ ಆಟದಲ್ಲಿ ಡಾರ್ಮ್‌ಗೆ ಹೋದ ಹುಡುಗಿಗೆ ಎಷ್ಟು ಗೆಳತಿಯರಾದರು ಅಂದರೆ ಪದವಿ ಮುಗಿದ ಮೇಲೂ ಫೋನ್ ಸುಮ್ನೆ ಇರಲ್ಲ. ಮನೆಯಿಂದ ಹೋದ ತಮ್ಮನಿಗೆ ಒಬ್ಬ ಸ್ನೇಹಿತನೂ ಇಲ್ಲ, ಎ ಪ್ಲಸ್ ಇದೆ ಅಷ್ಟೇ.

ಇಂಚರಳನ್ನು ಮಾತ್ರ ಡಾರ್ಮ್‌ಗೆ ಕಳಿಸಿ ನೋಡಿ. ಆದರೆ ವಯಸ್ಸಿನ ಸೆಟ್ಟಿಂಗ್ ನಿಲ್ಲಿಸಿ ಕಳಿಸಿ.

ತುಂಗೆತೀರ

ಮಳೆಗಾಲ ಅವರೇ, ನಿಮ್ಮ ಮಾತು ಓದಿ ಒಂದು ಗಂಟೆ ಯೋಚನೆ ಮಾಡಿದೆ. ಆದರೆ ಇಂಚರಳನ್ನು ಕಳಿಸೋಕೆ ನನಗೇ ಆಗಲಿಲ್ಲ, ತಪ್ಪು ಅವಳದ್ದಲ್ಲ 🙈

ತುಂಗೆತೀರ (ನಾಲ್ಕು ದಿನದ ನಂತರ)

ಮೊದಲ ಟರ್ಮ್ ಮುಗೀತು, ವರದಿ ಒಪ್ಪಿಸುತ್ತೇನೆ.

ಅಕ್ಕ ಹೇಳಿದ ಹಾಗೇ ಮಾಡಿದೆ. ಮನೆ ಮಾರಿ ಬ್ರೈಟ್‌ಚೆಸ್ಟರ್‌ಗೆ ಬಂದೆವು, ಎರಡು ಬಚ್ಚಲು ಕಟ್ಟಿಸೋ ಹೊತ್ತಿಗೆ ಕೈ ಖಾಲಿ, ಅದಕ್ಕೆ ಇಂಚರ ಹಳೇ ಸೋಫಾ ಮೇಲೇ ಮಲಗುತ್ತಾಳೆ. ಮೂವರೂ ಸೇರಿದರು. ಚಿನ್ಮಯ್‌ಗೆ ಜಾಸ್ತಿ ಆಸೆ ಪಟ್ಟು ನಾಲ್ಕು ಕೋರ್ಸ್ ಕೊಟ್ಟೆ, ಟರ್ಮ್ ಪೇಪರ್ ಒಂದು ಬರೆಯೋದೇ ಮರೆತುಹೋಯಿತು, ಎರಡು ಸಿ ಬಂತು. ಇಂಚರಳಿಗೆ ಮೂರು ಕೋರ್ಸ್, ಎಲ್ಲ ಬಿ. ಗಿರಿಜಮ್ಮನಿಗೆ ಎರಡೇ ಕೋರ್ಸ್, ಎರಡರಲ್ಲೂ ಎ ಪ್ಲಸ್. ಹೋಮ್‌ವರ್ಕ್ ಮುಗಿಸಿ, ಅಡುಗೆ ಮಾಡಿ, ಬೆಣ್ಣೆಗೆ ಊಟ ಹಾಕಿ, ಹತ್ತು ಗಂಟೆಗೆ ಮಲಗುತ್ತಾರೆ.

ರೂಮ್‌ಮೇಟ್ ಒಬ್ಬನನ್ನು ಇಟ್ಟುಕೊಂಡೆ. ಮಾತಾಡಿಸುವಾಗ ಬಹಳ ಒಳ್ಳೆಯವನ ಹಾಗೆ ಕಂಡ. ಬಂದ ಮೂರನೇ ದಿನ ಸ್ಟೀರಿಯೊ ಕೆಟ್ಟಿತು, ನಾಲ್ಕನೇ ದಿನ ಹೊಸ ಬಚ್ಚಲಿನ ನಲ್ಲಿ. ಅಕ್ಕ ಹೇಳಿದ ಎರಡನೇ ಜಾತಿ. ಬಾಡಿಗೆ ಮಾತ್ರ ತಪ್ಪದೆ ಕೊಡುತ್ತಾನೆ. ಕಳಿಸಿಬಿಡೋದಾ?

ಹಳೇ ಪಿಸಿ

ಕಳಿಸಿ. ಅವನನ್ನೇ ಮಾತಾಡಿಸಿದರೆ ಮನೆ ಬಿಡು ಅನ್ನೋ ಆಯ್ಕೆ ಬರುತ್ತೆ. ಮತ್ತೆ ಚಿನ್ಮಯ್‌ಗೆ ಮುಂದಿನ ಟರ್ಮ್‌ಗೆ ಮೂರೇ ಸಾಕು.

ನಿದ್ದೆಗೇಡಿ

ಅಥವಾ ಮದರ್‌ಲೋಡ್

ತುಂಗೆತೀರ

ಕಳಿಸೋಣ ಅಂತ ಈಗ ಹೋದೆ. ಗಿರಿಜಮ್ಮ ಅವನಿಗೆ ಬಡಿಸುತ್ತಾ ಕೂತಿದ್ದಾರೆ, ತಲೆ ಮೇಲೆ ಸ್ನೇಹ ಬೆಳೀತಿದೆ ಅನ್ನೋ ಹಸಿರು ಪ್ಲಸ್ ಬರುತ್ತಿದೆ. ಇರಲಿ ಬಿಡಿ. ಇಂಚರಳಿಗೆ ರಿಪೇರಿ ಕೆಲಸ ಕಲಿಸುತ್ತೇನೆ.