ಮದ್ಯವರ್ಜನ ಶಿಬಿರಕ್ಕೆ ಬೇರೆ ಧರ್ಮದವರು ಸೇರಬಹುದೇ?

ಪ್ರಶ್ನೆ – ಬಂಟ್ವಾಳದ ತಂಗಿ
ನಮ್ಮದು ಕ್ಯಾಥೊಲಿಕ್ ಮನೆತನ. ಅಣ್ಣ ಈಗ ಬೆಳಿಗ್ಗೆ ಕೈನಡುಕ ನಿಲ್ಲಿಸಿಕೊಳ್ಳುವುದಕ್ಕೇ ಕುಡಿಯುವ ಸ್ಥಿತಿಗೆ ಬಂದಿದ್ದಾನೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಮ್ಮೂರಿನಲ್ಲಿ 8 ದಿನಗಳ ಮದ್ಯವರ್ಜನ ಶಿಬಿರ ನಡೆಸಲಿದ್ದಾರೆ. ಸೇರುವ ಮನಸ್ಸು ಅವನಿಗಿದೆ. ಆದರೆ ಸಂಜೆಯ ತೇರ್ಸ್ (ಜಪಮಾಲೆ) ಪ್ರಾರ್ಥನೆ ಕೇಳುತ್ತ ಬೆಳೆದವನು ಭಜನೆಯಲ್ಲಿ ಹೇಗೆ ಕೂರುತ್ತಾನೆ ಎಂದು ಅಮ್ಮ ತಡೆಯುತ್ತಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ – ನವಜೀವನ ಸಮಿತಿಯ (ಶಿಬಿರದಲ್ಲಿ ಕುಡಿತ ಬಿಟ್ಟವರ ಗುಂಪು) ಸದಸ್ಯ
ಸೇರಿಸಿ. ನಾನಿದ್ದ ಶಿಬಿರದಲ್ಲಿ ಕ್ರೈಸ್ತರೂ ಬ್ಯಾರಿ ಮುಸ್ಲಿಂ ಸಮುದಾಯದವರೊಬ್ಬರೂ ಇದ್ದರು. ಭಜನೆಯ ಹೊತ್ತಿನಲ್ಲಿ ಅವರು ಜಗಲಿಯಲ್ಲಿ ಚಾಪೆ ಹಾಸಿಕೊಂಡು ತಮ್ಮ ಪ್ರಾರ್ಥನೆ ಮಾಡುತ್ತಿದ್ದರು, ಯಾರೂ ಆಕ್ಷೇಪಿಸಲಿಲ್ಲ. ಸಂಘಟಕರೊಂದಿಗೆ ಮೊದಲೇ ಮಾತಾಡಿ, ನಿಮ್ಮ ಚರ್ಚಿನ ಫಾದರ್ ಅವರಿಗೂ ತಿಳಿಸಿದರೆ ಅಮ್ಮನವರ ಆತಂಕ ಅರ್ಧ ಕಡಿಮೆಯಾದೀತು.

ಉತ್ತರ – ಮನೋರೋಗ ವಿಭಾಗದ ಶುಶ್ರೂಷಕಿ
ಭಜನೆಗಿಂತ ಮೊದಲು ಕೈನಡುಕದ ಬಗ್ಗೆ ಯೋಚಿಸಬೇಕು. ದೇಹ ಮದ್ಯಕ್ಕೆ ಒಗ್ಗಿಹೋಗಿರುವ ಲಕ್ಷಣವದು. ಅಂಥವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳೊಳಗೆ ಅಪಸ್ಮಾರದಂತಹ ಸೆಳೆತ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಬುದ್ಧಿಭ್ರಮೆ ಉಂಟಾಗಿ, ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಶಿಬಿರಕ್ಕೆ ಮೊದಲೇ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯಲ್ಲೋ ಹತ್ತಿರದ ಮನೋವೈದ್ಯರಲ್ಲೋ ತೋರಿಸಿ, ನಡುಕ ತಗ್ಗಿಸುವ ಮಾತ್ರೆ ಮತ್ತು ಥಯಾಮಿನ್ (ವಿಟಮಿನ್ ಬಿ1) ಬಗ್ಗೆ ಕೇಳಿಕೊಳ್ಳಿ. ಅವನಿಗೆ ತಿಳಿಯದಂತೆ ಊಟದಲ್ಲಿ ಕುಡಿತ ಬಿಡಿಸುವ ಮದ್ದು ಬೆರೆಸುವ ಕೆಲಸವನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ. ಮಾರ್ಗದರ್ಶನಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು.

ಉತ್ತರ – ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಪರಸ್ಪರ ನೆರವಿನ ಕೂಟ) ಬಳಗದವನು
ಶಿಬಿರ ಮುಗಿದ ಮೇಲಿನ ತಿಂಗಳುಗಳೇ ಕಠಿಣ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಚೇತರಿಕೆಯ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬಂದರೂ, ಆ ದೇವರನ್ನು ಅವರವರು ಅರಿತಂತೆ ಭಾವಿಸಿಕೊಳ್ಳಲು ಅವಕಾಶವಿದೆ. ಸದಸ್ಯತ್ವಕ್ಕೆ ಕುಡಿತ ಬಿಡುವ ಆಸೆಯೊಂದೇ ಸಾಕು. ಅದೇ ಹೆಜ್ಜೆಗಳನ್ನು ಇಸ್ಲಾಮಿನ ನೆಲೆಯಲ್ಲಿ ಅಳವಡಿಸಿಕೊಂಡ ಮಿಲ್ಲತಿ ಇಸ್ಲಾಮಿ ಬಳಗ 1989ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿತು.

ನಂಬಿಕೆಯ ದಾರಿಯಲ್ಲಿ ನನಗೆ ಭಯ ಹುಟ್ಟಿಸುವುದು ಆಣೆ ಹಾಕಿಸುವ ಪದ್ಧತಿ. ದೈವದ ಮುಂದೆಯೋ ಶಿಲುಬೆಯ ಮುಂದೆಯೋ ಪ್ರಮಾಣ ಮಾಡಿದವನು ಒಂದು ದಿನ ಎಡವಿದರೆ, ದೇವರಿಗೇ ದ್ರೋಹ ಬಗೆದೆನೆಂದು ಕುಗ್ಗಿ, ಯಾರಿಗೂ ಮುಖ ತೋರಿಸದೆ ಮತ್ತೆ ಬಾಟಲಿಗೇ ಮೊರೆಹೋಗುವುದನ್ನು ಎಲ್ಲ ಧರ್ಮದವರಲ್ಲೂ ಕಂಡಿದ್ದೇನೆ. ಆದ್ದರಿಂದ ಜೀವಮಾನದ ಆಣೆ ಬೇಡ, ಇವತ್ತೊಂದು ದಿನ ಕುಡಿಯದಿದ್ದರೆ ಸಾಕು ಎನ್ನಿ. ಎಡವಿದ ರಾತ್ರಿ ಅವನು ಯಾರಿಗೆ ಫೋನ್ ಮಾಡಬೇಕೆಂಬುದನ್ನು ಶಿಬಿರಕ್ಕೆ ಹೊರಡುವ ಮೊದಲೇ ಅವನ ಜೊತೆ ಕುಳಿತು ಗೊತ್ತುಮಾಡಿ. ನಿಮಗೂ ಅಮ್ಮನವರಿಗೂ ಆಸರೆ ಬೇಕು. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಸಭೆಗಳಿವೆ.